ಗುಡ್ಡ ಖಾಲಿ ಎಂದು ಸಹಿ ಹಾಕಿದವನು

ಈ ಸಂಗತಿಯನ್ನು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ಹೊಸಪೇಟೆಯ ನಮ್ಮ ಓಣಿಯ ಕಟ್ಟೆಯ ಮೇಲೆ, ಮದುವೆ ಊಟದ ಪಂಕ್ತಿಯಲ್ಲಿ, ಬೀಗರ ಮನೆಯಲ್ಲಿ, ಒಮ್ಮೆ ಹಲ್ಲು ಕೀಳಿಸಿಕೊಳ್ಳಲು ಹೋದಾಗ ಡಾಕ್ಟರ ಮುಂದೆಯೂ. ಪ್ರತಿ ಸಲ ಅರ್ಧಕ್ಕೇ ನಿಲ್ಲಿಸಿದ್ದೇನೆ. ಅದು ಅರ್ಧ ಎಂದು ಕೇಳಿದವರಿಗೆ ಗೊತ್ತಾಗಿಲ್ಲ, ಯಾಕೆಂದರೆ ನಾನು ನಿಲ್ಲಿಸುವ ಜಾಗದಲ್ಲಿ ಎಲ್ಲರೂ "ಭೇಷ್" ಅನ್ನುತ್ತಾರೆ. ಇವತ್ತು ಪೂರ್ತಿ ಬರೆದುಬಿಡೋಣ ಎಂದು ಕೂತಿದ್ದೇನೆ. ಹೆಂಡತಿ ಆಗಲೇ ಎರಡು ಸಲ ಇಣುಕಿ, "ಏನ್ರೀ, ಮತ್ತ ಯಾರ ಮ್ಯಾಲೆ ಅರ್ಜಿ ಬರಿಯಾಕ ಹತ್ತೀರಿ?" ಎಂದು ಕೇಳಿ ಹೋದಳು. ಈ ಸಲ ನನ್ನ ಮೇಲೇ.

ನನ್ನದು ಸರ್ಕಾರಿ ನೌಕರಿ. ಯಾವ ಕಚೇರಿ, ಯಾವ ಹುದ್ದೆ ಎಂದು ಬಿಡಿಸಿ ಹೇಳುವುದಿಲ್ಲ. ಊರೂರು ತಿರುಗಿ ಪಂಚನಾಮೆ ಬರೆದು, ಐದು ಜನರ ಸಹಿ ಹಾಕಿಸಿ, ಕೆಳಗೆ ನನ್ನದೊಂದು ಸಹಿ ಹಾಕುವ ಕೆಲಸ ಎಂದರೆ ಸಾಕು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ಮೇಲಿನಿಂದ ಒಂದು ಪತ್ರ ಬಂತು. ಸಂಡೂರಿನ ಆಚೆ ಮನೆಮಠವಿಲ್ಲದ ಒಂದು ಗುಡ್ಡದ ಮೇಲೆ ನಮ್ಮ ಸೇನೆಯೂ ಹೊರದೇಶದ ಒಂದು ಸೇನೆಯೂ ಕೂಡಿ ಸಮರಾಭ್ಯಾಸ ನಡೆಸುತ್ತವೆ, ನಿಜವಾದ ಗುಂಡುಗಳನ್ನೇ ಹಾರಿಸುತ್ತಾರೆ, ಅದನ್ನು ನೋಡಲು ಮೂರನೆಯ ದೇಶವೊಂದರಿಂದ ಇಬ್ಬರು ಅಧಿಕಾರಿಗಳು ಬರುತ್ತಾರೆ ಎಂದು ಅದರಲ್ಲಿತ್ತು. ಆ ಮೂರನೆಯದು ತಟಸ್ಥ ದೇಶ. ಯಾರ ಯುದ್ಧಕ್ಕೂ ಹೋಗುವುದಿಲ್ಲ, ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಕರೆದರೆ ಬರುತ್ತಾರೆ, ನೋಡುತ್ತಾರೆ, ಬರೆದುಕೊಂಡು ಹೋಗುತ್ತಾರೆ.

ನನಗೆ ಬಿದ್ದ ಕೆಲಸ ಎರಡು. ಆ ಇಬ್ಬರು ಅತಿಥಿಗಳ ಜೊತೆ ಇರುವುದು ಒಂದು. ಗುಂಡು ಹಾರುವ ದಿನ ಗುಡ್ಡದ ಮೇಲೆ ಒಂದು ನರಪಿಳ್ಳೆಯೂ ಇಲ್ಲ ಎಂದು ಖುದ್ದು ನೋಡಿ ಬರೆದುಕೊಡುವುದು ಇನ್ನೊಂದು. ಎರಡನೆಯದರ ಮೇಲೆ ಜನರ ಜೀವ ನಿಂತಿತ್ತು. ನನ್ನ ತಲೆಯ ತುಂಬ ಮೊದಲನೆಯದೇ ಇತ್ತು. ಹೊರದೇಶದವರ ಮುಂದೆ ಹೇಗೆ ಇಂಗ್ಲಿಷ್ ಮಾತಾಡಲಿ, ಯಾವ ಅಂಗಿ ಹಾಕಲಿ ಎಂಬುದೇ ಯೋಚನೆ.

"ಯಾರ ಕಡೀನೂ ಅಲ್ಲ ಅಂದ್ರ ಹೆಂಗ್ರಿ?" ಎಂದು ಹೆಂಡತಿ ಕೇಳಿದಳು.

"ಹಂಗs. ಸುಮ್ಮನ ನೋಡ್ತಾರ, ಅಷ್ಟ."

"ಹಂಗಾರ ನಮ್ಮ ದೊಡ್ಡ ಭಾವನಂಗ. ಮನ್ಯಾಗ ಜಗಳ ಬಿದ್ರ ಪೇಪರ್ ಹಿಡ್ಕೊಂಡು ಕುಂದ್ರತಾರ. ಆಮ್ಯಾಲೆ ಯಾರು ಏನಂದ್ರು ಅನ್ನೋದು ಒಂದೂ ಬಿಡದಂಗ ಹೇಳ್ತಾರ," ಎಂದಳು. ಭಾವ ಅಂದರೆ ನನ್ನ ಸ್ವಂತ ಅಣ್ಣ. ನನಗೆ ಸಿಟ್ಟೂ ಬಂತು, ನಗುವೂ ಬಂತು.

ಗುಡ್ಡದ ಕೆಲಸ ಹೇಗೆ ಮಾಡಿದೆ ಎಂದು ಹೇಳಬೇಕು. ಗುಡ್ಡದ ಬುಡದಲ್ಲಿ ಎರಡು ಸಣ್ಣ ಊರುಗಳಿವೆ. ಅಲ್ಲಿನ ತಳವಾರ ವಯಸ್ಸಾದ ಮನುಷ್ಯ, ಕೊರಳಿಗೆ ಹಲಗೆ ಹಾಕಿಕೊಂಡು ಮೂರು ದಿನ ಡಂಗುರ ಸಾರಿದ. "ಕೇಳ್ರಪ್ಪೋ ಕೇಳ್ರಿ, ಗುರುವಾರ ಮುಂಜಾನಿಂದ ಸಂಜೀತನಕ ಯಾರೂ ಗುಡ್ಡಕ್ಕ ಹೋಗಬ್ಯಾಡ್ರಿ, ದನಾ ಬಿಡಬ್ಯಾಡ್ರಿ, ಕಟಿಗಿಗೆ ಹೋಗಬ್ಯಾಡ್ರಿ, ಗುಂಡು ಹಾರಸ್ತಾರಾ!" ಮನೆಮನೆಗೆ ಹೋಗಿ ಯಜಮಾನರ ಸಹಿಯನ್ನೂ ತಂದುಕೊಟ್ಟ. ಅವನ ಕೆಲಸದಲ್ಲಿ ಒಂದಿಷ್ಟೂ ಕುಂದಿರಲಿಲ್ಲ.

ಬುಧವಾರ ಪಂಚನಾಮೆಯ ದಿನ. ಐದು ಜನ ಪಂಚರನ್ನು ಕರೆದುಕೊಂಡು ಗುಡ್ಡ ಹತ್ತಿ, ಸುತ್ತಿ, ಇಳಿದು ಬಂದು ಬರೆಯಬೇಕು ಎಂಬುದು ನಿಯಮ. ನಾವು ಮಾಡುತ್ತಿದ್ದದ್ದು ಬೇರೆ. ಎಲ್ಲ ಪಂಚನಾಮೆಗೂ ಒಂದೇ ರೂಢಿ: ಮೊದಲು ಬರೆಯುವುದು, ಆಮೇಲೆ ಸಹಿ, ಹೊತ್ತು ಉಳಿದರೆ ನೋಡುವುದು. ಬರೆಯುವ ಸಾಲುಗಳು ನನಗೆ ನಿದ್ದೆಯಲ್ಲೂ ಬರುತ್ತವೆ. "ಸ್ಥಳಕ್ಕೆ ಖುದ್ದು ಭೇಟಿ ನೀಡಿ ಪರಿಶೀಲಿಸಲಾಗಿ, ಜನ ಜಾನುವಾರು ಯಾವುದೂ ಕಂಡುಬರಲಿಲ್ಲ." ಊರ ಮುಂದಿನ ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕೂತು ಇದನ್ನು ಬರೆದೆ. ಪಂಚರಿಗೆ ಒಗ್ಗರಣೆ ಮಂಡಾಳು, ಮಿರ್ಚಿ, ಚಹಾ ಕೊಡಿಸಿದೆ. ಎಣ್ಣೆ ಕೈ ಒರೆಸಿಕೊಂಡು ಐವರೂ ಸಹಿ ಹಾಕಿದರು. ಈಗ ಫೋಟೋ ಬೇರೆ ಕಳಿಸಬೇಕಲ್ಲ, ಯಾವ ಜಾಗದಲ್ಲಿ ತೆಗೆದದ್ದು ಎಂದು ಫೋನೇ ನಮೂದಿಸುತ್ತದೆ. ಗುಡ್ಡದ ಬುಡಕ್ಕೆ ಜೀಪಿನಲ್ಲಿ ಹೋಗಿ, ಗುಡ್ಡಕ್ಕೆ ಬೆನ್ನು ಮಾಡಿ ನಿಂತು, ಒಂದು ತೆಗೆಸಿಕೊಂಡೆ.

ತಳವಾರ ಒಮ್ಮೆ ಕೇಳಿದ. "ಸಾಹೇಬ್ರ, ಒಂಚೂರು ಮ್ಯಾಲೆ ಹತ್ತಿ ನೋಡೂನೇನ್ರಿ? ಆ ಕಡಿ ಸೀಳಿನ್ಯಾಗ ನೆಳ್ಳೈತಿ, ನೀರೂ ಇರ್ತಾವ."

"ಈ ಬಿಸಿಲಾಗ ದೆವ್ವನೂ ಇರಂಗಿಲ್ಲಪ್ಪಾ ಅಲ್ಲಿ. ನಡಿ, ನಡಿ," ಎಂದೆ. ಮಟಮಟ ಮಧ್ಯಾಹ್ನ, ಸಂಡೂರಿನ ಕೆಂಪು ಧೂಳು ಮೂಗಿನೊಳಗೆಲ್ಲ ಹೋಗಿತ್ತು. ಮೊಣಕಾಲು ನೋವು ಬೇರೆ. ನಾನು ಮನೆಗೆ ಹೋದೆ.

ಅತಿಥಿಗಳು ಮಂಗಳವಾರವೇ ಹೊಸಪೇಟೆಗೆ ಬಂದಿಳಿದಿದ್ದರು. ಒಬ್ಬ ಐವತ್ತು ದಾಟಿದ ಗಂಡಸು, ಎತ್ತರ, ತೆಳು ಮೈ, ನೆತ್ತಿಯೆಲ್ಲ ಬಿಸಿಲಿಗೆ ಕೆಂಪಾಗಿತ್ತು. ಇನ್ನೊಬ್ಬಾಕೆ ಅವನ ಕೈಕೆಳಗಿನ ಅಧಿಕಾರಿ, ಮೂವತ್ತರ ಹೆಣ್ಣುಮಗಳು, ನಗುಮುಖ. ಬಂದ ದಿನ ಇಬ್ಬರನ್ನೂ ಹಂಪಿಗೆ ಕರೆದುಕೊಂಡು ಹೋದೆ. ಆ ಗಂಡಸಿನ ಕೈಯಲ್ಲಿ ಸದಾ ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಏನೇ ಆಗಲಿ, ಮೊದಲು ಗಡಿಯಾರ ನೋಡುವುದು, ಆಮೇಲೆ ಬರೆಯುವುದು. ಒಂದು ಗುಡಿಯ ಮುಂದೆ ಕೋತಿಯೊಂದು ಹಾರಿ ಬಂದು ಆ ಹೆಣ್ಣುಮಗಳ ಕೈಯಿಂದ ಬಾಳೆಹಣ್ಣಿನ ಚಿಪ್ಪನ್ನೇ ಕಿತ್ತುಕೊಂಡಿತು. ಆಕೆ ಚೀರಿದಳು, ನಾನು ಚಪ್ಪಲಿ ತೆಗೆದು ಓಡಿಸಲು ಹೋದೆ. ಈ ಮನುಷ್ಯ ಗಡಿಯಾರ ನೋಡಿ ಬರೆದುಕೊಂಡ! ನಾನು ದಂಗಾದೆ. ಮಾರಾಯ, ಕೋತಿಯ ಲೆಕ್ಕವೂ ನಿಮ್ಮ ಸರ್ಕಾರಕ್ಕೆ ಬೇಕೇ ಎಂದು ಕೇಳಿಯೇಬಿಟ್ಟೆ.

ಅವನು ನಕ್ಕ. ಅದು ಅಭ್ಯಾಸ ಎಂದ. ಅವರ ಕೆಲಸಕ್ಕೆ ಮೂರೇ ನಿಯಮವಂತೆ. ಕಂಡದ್ದನ್ನು ಕಂಡ ಹೊತ್ತಿನೊಡನೆ ಬರೆಯಬೇಕು. ಕೇಳಿದ್ದಾದರೆ ಯಾರು ಹೇಳಿದರು ಎಂದು ಬರೆಯಬೇಕು. ನಡುವೆ ಬಾಯಿ ಹಾಕಬಾರದು, ಕೈ ಹಾಕಬಾರದು. "ನಾವು ಒಂದು ಮಾತಾಡಿದರೂ ನಾವೂ ಆಟದೊಳಗೆ ಬಂದಂತೆ. ಆಮೇಲೆ ನಾವು ಬರೆದದ್ದನ್ನು ಯಾರೂ ನಂಬುವುದಿಲ್ಲ," ಎಂದ. ಇದೆಂಥಾ ನೌಕರಿಯಪ್ಪಾ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಬುಧವಾರ ಸಂಜೆ ಹೋಟೆಲಿನಲ್ಲಿ ಮರುದಿನದ ಹೊತ್ತು ಹೇಳಲು ಹೋದಾಗ ನನ್ನ ಪಂಚನಾಮೆಯ ಇಂಗ್ಲಿಷ್ ಪ್ರತಿ ಅವನ ಮೇಜಿನ ಮೇಲಿತ್ತು. ಬೆರಳಿಟ್ಟು ಕೇಳಿದ: "ಇಲ್ಲಿ ಖುದ್ದು ಎಂದಿದೆ. ನೀವೇ ಗುಡ್ಡ ಹತ್ತಿ ನೋಡಿದಿರಾ?"

ಮೂವತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಕಚೇರಿಗಳಲ್ಲಿ ಬೆಳೆದವನು ನಾನು. "ಹೌದು, ಹತ್ತಿ ನೋಡಿದೆ," ಎಂದೆ. ಅವನು ಗಡಿಯಾರ ನೋಡಿ ಬರೆದುಕೊಂಡ. ಹತ್ತಿ ನೋಡಿದೆನೆಂದು ಅಧಿಕಾರಿ ಹೇಳಿದರು ಎಂದು ಬರೆದಿರಬೇಕು.

ಗುರುವಾರ ಆ ಹೆಣ್ಣುಮಗಳು ಬರಲಿಲ್ಲ. ಹಂಪಿಯ ಬಿಸಿಲಿಗೋ ನಾನು ಕೊಡಿಸಿದ ಮಿರ್ಚಿಗೋ ಹೊಟ್ಟೆ ಕೆಟ್ಟು ಹೋಟೆಲಿನಲ್ಲಿ ಮಲಗಿದ್ದಳು. ನಾವಿಬ್ಬರೇ ಹೋದೆವು. ಅತಿಥಿಗಳಿಗೆಂದು ಗುಡ್ಡಕ್ಕೆ ಎದುರಾಗಿ, ಒಂದು ಪಕ್ಕಕ್ಕೆ, ಬೇರೆ ದಿಬ್ಬದ ಮೇಲೆ ಚಪ್ಪರ ಹಾಕಿದ್ದರು. ನನ್ನ ಮೇಲಧಿಕಾರಿ ಸಾಹೇಬರು ಮುಂದಿನ ಸಾಲಿನಲ್ಲಿದ್ದರು, ಅವರ ಹಿಂದೆ ನಾನು, ನನ್ನ ಪಕ್ಕಕ್ಕೆ ಈ ಮನುಷ್ಯ. ಸೈನಿಕರು ಇದ್ದದ್ದು ಕೆಳಗೆ, ನೇರ ಎದುರಿಗೆ. ಅಲ್ಲಿಂದ ಗುಡ್ಡ ಒಂದು ಗೋಡೆ, ಬೋಳು ಬೋಳು. ನಮ್ಮ ದಿಬ್ಬದಿಂದ ಮಾತ್ರ ಓರೆಯಾಗಿ ಆ ಗೋಡೆಯಲ್ಲಿ ಒಂದು ಸೀಳು ಕಾಣುತ್ತಿತ್ತು. ಹನ್ನೊಂದು ಗಂಟೆಗೆ ಸರಿಯಾಗಿ ಮೊದಲ ಗುಂಡು ಎಂದು ಹೇಳಿದ್ದರು.

ಇಲ್ಲಿಂದ ಮುಂದಿನದನ್ನು ನಾನು ಊರಿನವರಿಗೆ ಹೇಳುವ ಹಾಗೆಯೇ ಮೊದಲು ಹೇಳುತ್ತೇನೆ.

ಹನ್ನೊಂದಕ್ಕೆ ಇನ್ನು ಕೆಲವೇ ನಿಮಿಷ ಇತ್ತು. ಆ ಮನುಷ್ಯ ಮಾತಿಲ್ಲದೆ ತನ್ನ ದುರ್ಬೀನನ್ನು ನನ್ನ ಕೈಗಿಟ್ಟ. ಬೆರಳಿನಿಂದ ಸೀಳಿನ ಕಡೆ ತೋರಿಸಿದ. ಕಣ್ಣಿಗೆ ಹಿಡಿದೆ. ಮೊದಲು ಕಲ್ಲು, ಒಣ ಹುಲ್ಲು. ಆಮೇಲೆ ಕಲ್ಲುಗಳಲ್ಲಿ ಕೆಲವು ಅಲ್ಲಾಡಿದವು. ಕುರಿಗಳು. ಅವುಗಳ ನಡುವೆ ಕಂಬಳಿ ಹೊದ್ದು ಕುಕ್ಕರುಗಾಲಲ್ಲಿ ಕೂತ ಒಬ್ಬ ಹೆಂಗಸು! ಕಂಡ ಕೂಡಲೇ ಎದ್ದು ನಿಂತು, "ಸಾರ್, ನಿಲ್ಲಸ್ರಿ! ಮ್ಯಾಲೆ ಮನಷ್ಯಾರದಾರ್ರಿ, ನಿಲ್ಲಸ್ರಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಗುಂಡು ಹಾರಲು ಮೂರೇ ಮೂರು ನಿಮಿಷವಿತ್ತು. ಸಾಹೇಬರ ಪಕ್ಕದಲ್ಲಿದ್ದ ಸೇನೆಯ ಅಧಿಕಾರಿ ವಯರ್‌ಲೆಸ್ಸಿನಲ್ಲಿ ಎರಡು ಮಾತು ಹೇಳಿದರು. ಎಲ್ಲವೂ ನಿಂತಿತು.

ಒಂದು ಜೀಪು ಗುಡ್ಡ ಹತ್ತಿ ಹೋಗಿ ಬಂತು. ಸೈನಿಕನ ಪಕ್ಕ ಆ ಮುದುಕಿ ಕೂತಿದ್ದಳು, ಮಡಿಲಲ್ಲಿ ಆಗಷ್ಟೇ ಹುಟ್ಟಿದ ಮರಿ, ಇನ್ನೂ ಹಸಿ ಹಸಿ. ಹಿಂದೆ ಕುರಿಗಳನ್ನು ಇನ್ನಿಬ್ಬರು ಸೈನಿಕರು ಹೊಡೆದುಕೊಂಡು ಬಂದರು, ಅವರಿಗೆ ಅಭ್ಯಾಸವಿಲ್ಲದೆ ಕುರಿ ಅತ್ತ, ಇವರು ಇತ್ತ. ಚಪ್ಪರದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ನನ್ನ ಕೈ ಹಿಡಿದು ಕುಲುಕಿ, "ಏನ್ ಕಣ್ಣ್ರೀ ನಿಮ್ದು! ಒಂದು ಜೀವಾ ಉಳಿಸಿದ್ರಿ," ಎಂದರು. ಆಮೇಲೆ ಸ್ವಲ್ಪ ದನಿ ತಗ್ಗಿಸಿ, "ಪಂಚನಾಮೆ ಆದ ಮ್ಯಾಲೆ ಬಂದಿರಬೇಕಲ್ಲೇನ್ರಿ ಆಕಿ?" ಎಂದು ಕೇಳಿದರು.

"ಹೌದ್ರಿ ಸಾರ್, ಆಮ್ಯಾಲೇ ಬಂದಿರಬೇಕು," ಎಂದೆ.

ಹನ್ನೆರಡರ ಹೊತ್ತಿಗೆ ಗುಂಡಿನ ಸುರಿಮಳೆ ಶುರುವಾಯಿತು. ಭೂಮಿ ನಡುಗಿ ಕುರ್ಚಿಯ ಕಾಲುಗಳು ಕಟಕಟ ಅಂದವು. ನಾಲ್ಕನೆಯದೋ ಐದನೆಯದೋ ಗುಂಡು ಆ ಸೀಳಿಗೇ ಬಿತ್ತು. ಕೆಂಪು ಮಣ್ಣು ಮೇಲೆದ್ದು, ಅದು ಕೆಳಗೆ ಕೂತ ಮೇಲೆ ನೋಡಿದರೆ, ಮುದುಕಿ ಕೂತಿದ್ದ ಬಂಡೆ ಇರಲಿಲ್ಲ.

ಊರಿನವರಿಗೆ ಹೇಳುವುದು ಇಷ್ಟು. ಇಲ್ಲಿಗೆ "ಭೇಷ್" ಬರುತ್ತದೆ.

ಸಂಜೆ ಆ ಮನುಷ್ಯನನ್ನು ಕೂರಿಸಿಕೊಂಡು ಹೊಸಪೇಟೆಗೆ ವಾಪಸು ಹೊರಟೆ. ಮುಂದೆ ಅದಿರಿನ ಲಾರಿಗಳ ಸಾಲು, ಕಾರು ಆಮೆಯ ನಡಿಗೆ. ನನಗೆ ಒಳಗೊಳಗೇ ಹೆಮ್ಮೆ ಉಕ್ಕುತ್ತಿತ್ತು, ನಾಚಿಕೆ ಬಿಟ್ಟು ಹೇಳುತ್ತೇನೆ. ಇಷ್ಟೆಲ್ಲ ಬರೆಯುವವನು, ಕೋತಿಯನ್ನೂ ಬಿಡದವನು, ನನ್ನ ಬಗ್ಗೆ ಏನು ಬರೆದಿದ್ದಾನೋ ತಿಳಿಯಬೇಕು ಅನ್ನಿಸಿತು. "ಇವತ್ತಿನ ವಿಷಯ ಬರೆದುಕೊಂಡಿರಾ? ಆ ಮುದುಕಿಯ ವಿಷಯ?" ಎಂದು ಕೇಳಿದೆ.

"ಬರೆದಿದ್ದೇನೆ. ಓದಲೇ?" ಎಂದ.

"ಓದಿ, ಓದಿ," ಎಂದೆ.

ಅವನು ಪುಸ್ತಕ ತೆರೆದು, ಹಂಪಿಯಲ್ಲಿ ಮಾತಾಡಿದ ಅದೇ ದನಿಯಲ್ಲಿ ಓದಿದ. "ಹತ್ತು ಐವತ್ತು. ಸೀಳಿನಲ್ಲಿ ಒಬ್ಬ ವ್ಯಕ್ತಿ ಮತ್ತು ಕುರಿಗಳನ್ನು ಕಂಡೆ. ಹೇಳಲಿಲ್ಲ. ಹತ್ತು ಐವತ್ತಮೂರು. ದುರ್ಬೀನನ್ನು ಸ್ಥಳೀಯ ಅಧಿಕಾರಿಗೆ ಕೊಟ್ಟು ದಿಕ್ಕು ತೋರಿಸಿದೆ. ಹತ್ತು ಐವತ್ತನಾಲ್ಕು. ಅಧಿಕಾರಿ ದುರ್ಬೀನು ಕೆಳಗಿಳಿಸಿದರು, ನನ್ನ ಮುಖ ನೋಡಿದರು, ಮತ್ತೆ ಹಿಡಿದು ನೋಡಿದರು. ಹತ್ತು ಐವತ್ತೈದು. ಮಜ್ಜಿಗೆ ಬಂತು. ಅಧಿಕಾರಿ ಲೋಟ ತೆಗೆದುಕೊಂಡು ಕುಡಿದರು. ಹತ್ತು ಐವತ್ತೇಳು. ಅಧಿಕಾರಿ ಎದ್ದು ಕೂಗಿದರು."

ನನಗೆ ತಕ್ಷಣ ಅರ್ಥವೇ ಆಗಲಿಲ್ಲ. ಇನ್ನೊಮ್ಮೆ ಓದಿ ಎಂದೆ. ಇನ್ನೊಮ್ಮೆ ಓದಿದ. ಮಜ್ಜಿಗೆ ಅಲ್ಲಿಯೇ ಇತ್ತು.

"ಸುಳ್ಳು!" ಎಂದು ಕೂಗಿದೆ. ಡ್ರೈವರ್ ಗಾಬರಿಬಿದ್ದು ಬ್ರೇಕ್ ಹಾಕಿದ. "ಶುದ್ಧ ಸುಳ್ಳು! ಕಂಡ ಕೂಡಲೇ ಕೂಗಿದ್ದೇನೆ ನಾನು. ಎಲ್ಲರೂ ನೋಡಿದ್ದಾರೆ. ಯಾವನ್ರೀ ಮಜ್ಜಿಗೆ ಕುಡಿದವನು?"

ಅವನಿಗೆ ಸಿಟ್ಟು ಬರಲಿಲ್ಲ. ಪೆನ್ಸಿಲ್ ತೆಗೆದ. "ತಪ್ಪಿದ್ದರೆ ತಿದ್ದುತ್ತೇನೆ. ಐವತ್ತಮೂರರಿಂದ ಐವತ್ತೇಳರವರೆಗೆ ನೀವು ಏನು ಮಾಡಿದಿರಿ, ಹೇಳಿ. ನೀವು ಹೇಳಿದಿರಿ ಎಂದು ಬರೆದುಕೊಳ್ಳುತ್ತೇನೆ."

ಹೇಳಲು ಬಾಯಿ ತೆರೆದೆ. ಏನೂ ಇರಲಿಲ್ಲ. ದುರ್ಬೀನು ಹಿಡಿದದ್ದು ನೆನಪಿದೆ, ಕಂಬಳಿ ಕಂಡದ್ದು ನೆನಪಿದೆ, ಕೂಗಿದ್ದು ನೆನಪಿದೆ. ಮೂರೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು, ನಡುವೆ ಒಂದು ಲೋಟ ಹಿಡಿಸುವಷ್ಟೂ ಜಾಗವಿರಲಿಲ್ಲ. ಹಾಗೆ ಬಾಯಿ ತೆರೆದುಕೊಂಡು ಕೂತಿರುವಾಗ ನಾಲಗೆಗೆ ಹಿಂದಿನ ಹಲ್ಲಿನ ಸಂದಿಯಲ್ಲಿ ಏನೋ ತಾಗಿತು. ಬೆರಳಿನಿಂದ ತೆಗೆದು ನೋಡಿದೆ. ಕೊತ್ತಂಬರಿ ಎಲೆಯ ಚೂರು, ಮಜ್ಜಿಗೆಗೆ ಹೆಚ್ಚಿ ಹಾಕುವಂಥದ್ದು. ಬೆಳಿಗ್ಗೆ ನಾನು ತಿಂದದ್ದು ಬರೀ ಇಡ್ಲಿ, ಚಟ್ನಿಪುಡಿ; ಆ ಬಂಡೆ ಹೋದದ್ದು ನೋಡಿದ ಮೇಲೆ ಮಧ್ಯಾಹ್ನ ಊಟ ಸೇರಿರಲಿಲ್ಲ. ಅಯ್ಯೋ ದೇವರೇ ಎಂದು ಬಾಯಿಂದ ತಾನಾಗಿ ಹೊರಟಿತು.

ಆಗ ಸಿಟ್ಟನ್ನೆಲ್ಲ ಅವನ ಮೇಲೆ ತಿರುಗಿಸಿದೆ. "ಅಲ್ಲಯ್ಯಾ, ನನಗಿಂತ ಮೂರು ನಿಮಿಷ ಮೊದಲು ಕಂಡವನು ನೀನು. ನೀನೇ ಯಾಕೆ ಕೂಗಲಿಲ್ಲ? ನಿನ್ನ ಬಾಯಿಗೇನಾಗಿತ್ತು?" ಇಂಗ್ಲಿಷಿನಲ್ಲಿ ಏಕವಚನ ಬಹುವಚನ ಗೊತ್ತಾಗುವುದಿಲ್ಲ, ನನ್ನ ದನಿಯಲ್ಲಿ ಅವನಿಗೆ ಗೊತ್ತಾಗಿರಬೇಕು.

"ನಮಗೆ ಅಪ್ಪಣೆ ಇಲ್ಲ," ಎಂದ. ಪುಸ್ತಕ ಮುಚ್ಚಿ, "ದುರ್ಬೀನು ಕೊಡುವುದಕ್ಕೂ ಇರಲಿಲ್ಲ. ಮೂರು ನಿಮಿಷ ಅದನ್ನೇ ಯೋಚಿಸುತ್ತಿದ್ದೆ. ಹೇಳಲಿಲ್ಲ ಎಂಬುದನ್ನೂ ಬರೆದಿದ್ದೇನೆ, ಈಗಷ್ಟೇ ಓದಿದೆನಲ್ಲ," ಎಂದ. ಮರುದಿನ ಅವರು ಹೋದರು. ಅವನ ವರದಿ ಯಾವ ದೇಶದ ಯಾವ ಬೀರುವಿನಲ್ಲಿದೆಯೋ, ಅದರಿಂದ ನನಗೆ ಯಾವ ತೊಂದರೆಯೂ ಬರಲಿಲ್ಲ.

ಬಂದದ್ದು ಪ್ರಶಂಸಾ ಪತ್ರ. ಸಮಯಪ್ರಜ್ಞೆ ಮೆರೆದು ಒಂದು ಅಮೂಲ್ಯ ಜೀವ ಉಳಿಸಿದ್ದಕ್ಕಾಗಿ. ಹೆಂಡತಿ ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದಳು. ಜನ ಬಂದು ಕೇಳಿದರು, ನಾನು ಹೇಳಿದೆ. ಮೊದಲ ಸಲ ಹೇಳುವಾಗ ಎರಡು ಕಡೆ ತಡವರಿಸಿದೆ. ಎರಡನೆಯ ಸಲ ಸಲೀಸಾಗಿ ಬಂತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನಾನೂ ಅಷ್ಟೇ, ಯಾರಾದರೂ "ಕಂಡ ಕೂಡಲೇ ಕೂಗಿದ್ರೇನ್ರಿ?" ಎಂದು ಸುಮ್ಮನೆ ಕೇಳಿದರೂ ಮೈಮೇಲೆ ಹೋಗುತ್ತಿದ್ದೆ. ಮನೆಯಲ್ಲಿ ಮಜ್ಜಿಗೆ ಬಿಟ್ಟೆ. ಪಿತ್ತ ಎಂದು ಹೆಂಡತಿಗೆ ಸುಳ್ಳು ಹೇಳಿದೆ.

ಆ ನಾಲ್ಕು ನಿಮಿಷ ಒಮ್ಮೆಗೇ ನೆನಪಾಗಲಿಲ್ಲ. ತಿಂಗಳುಗಟ್ಟಲೆ ಚೂರು ಚೂರಾಗಿ ಬಂತು. ಸಾಹೇಬರ ಅಂಗಿಯ ಕಾಲರಿನಲ್ಲಿದ್ದ ಬೆವರಿನ ಗೆರೆ ನೆನಪಾಯಿತು. ಅದನ್ನು ಅಷ್ಟು ಹೊತ್ತು ನೋಡುತ್ತ ಕೂತಿದ್ದೆ ಎಂದಾಯಿತು. ಆಮೇಲೆ ಯೋಚನೆಗಳು ಬಂದವು. ಕಲ್ಲೇ ಇರಬಹುದು. ಸೈನಿಕರು ನೋಡಿರುತ್ತಾರೆ. ತಾನಾಗಿಯೇ ಎದ್ದು ಹೋಗುತ್ತಾಳೆ. ಕೂಗಿದರೆ, ಗುಡ್ಡ ಖಾಲಿ ಎಂದು ಸಹಿ ಹಾಕಿದವನು ಯಾರು ಎಂದು ಕೇಳುತ್ತಾರೆ. ಎಲ್ಲಕ್ಕಿಂತ ಕೊನೆಗೆ ನೆನಪಾದದ್ದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಮಜ್ಜಿಗೆ ಚೆನ್ನಾಗಿದೆ ಅಂದುಕೊಂಡಿದ್ದೆ.

ಭತ್ತದ ಕೊಯ್ಲು ಮುಗಿದ ಮೇಲೆ ಬೇರೆ ಕೆಲಸಕ್ಕೆ ಕಂಪ್ಲಿಗೆ ಹೋಗಿದ್ದೆ. ಎಮ್ಮಿಗನೂರಿನ ದಾರಿಯಲ್ಲಿ ಕೊಯ್ದ ಗದ್ದೆಯೊಂದರಲ್ಲಿ ಕುರಿಹಟ್ಟಿ ಬೀಡು ಬಿಟ್ಟಿತ್ತು. ಗೊಬ್ಬರವಾಗಲಿ ಎಂದು ರೈತರು ಕರೆಸಿ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ. ಬದುವಿನ ಮೇಲೆ ಕಂಬಳಿ ಹೊದ್ದು ಕೂತ ಮುದುಕಿಯನ್ನು ಕಂಡು ಬೈಕು ನಿಲ್ಲಿಸಿದೆ. ಅವಳೇ. ಇಳಿಯಲೋ ಬೇಡವೋ ಎಂದು ಬೈಕಿನ ಮೇಲೇ ಕೂತಿದ್ದೆ. ಅವಳೇ ಗುರುತು ಹಿಡಿದಳು.

"ಯಪ್ಪಾ, ನನ್ನ ಜೀವಾ ಉಳಿಸಿದ ಸಾಹೇಬ್ರಲ್ಲೇನ್ರಿ ನೀವು? ಬರ್ರಿ, ಕುಂದ್ರಿ," ಎಂದು ಕಂಬಳಿ ತೆಗೆದು ಹಾಸಿದಳು. ಆ ದಿನ ಹುಟ್ಟಿದ್ದು ಇದೇ ನೋಡ್ರಿ ಎಂದು ಒಂದು ದಪ್ಪ ಟಗರನ್ನು ತೋರಿಸಿದಳು.

ಹೇಳಿಬಿಡಬೇಕು ಎಂದು ಗಟ್ಟಿಮಾಡಿಕೊಂಡೆ. ಮೊದಲು ಒಂದು ಮಾತು ಕೇಳಿದೆ. "ಯವ್ವಾ, ಗುಡ್ಡಕ್ಕ ಯಾವಾಗ ಹೋಗಿದ್ದಿ? ಗುರುವಾರ ಮುಂಜಾನೇನು?"

"ಇಲ್ಲ ಬಿಡ್ರಿ. ಸ್ವಾಮಾರನs ಹೋಗಿದ್ದೆ. ಅಲ್ಲೇ ಇದ್ದೆ. ನಾವು ಯಾವೂರೋರೂ ಅಲ್ಲ, ನಮಗ ಯಾರು ಬಂದು ಹೇಳ್ಬೇಕ್ರಿ? ಕೆಂಪು ಬಾವುಟ ಹಚ್ಚಿದ್ದು ನೋಡಿದ್ನಿ. ಅದಿರಿನ ಗಣ್ಯಾಗ ಮದ್ದು ಹಾರಸೂಮುಂದ ಹಚ್ತಾರಲ್ಲ, ಹಂಗs ಅಂದ್ಕೊಂಡೆ. ಅಲ್ಲಿ ಮೊದಲ ಸೈರನ್ ಕೂಗ್ತೈತಿ, ಆಮ್ಯಾಲೆ ಹಾರಸ್ತಾರ. ಸೈರನ್ ಕೂಗ್ಲಿ, ಏಳ್ತೀನಿ ಅಂತ ಕುಂತೆ. ಕುರಿ ಬ್ಯಾರೆ ಈಯಾಕ ಹತ್ತಿತ್ತು."

ಸೋಮವಾರವೇ ಹೋಗಿದ್ದಳು. ನಾನು ಮಿರ್ಚಿ ಅಂಗಡಿಯಲ್ಲಿ ಕೂತು ಯಾರೂ ಕಂಡುಬರಲಿಲ್ಲ ಎಂದು ಬರೆಯುವಾಗ ಅವಳು ತಳವಾರ ಹೇಳಿದ ಅದೇ ನೆರಳಿನಲ್ಲಿ ಕೂತಿದ್ದಳು. ಇನ್ನು ತಡೆಯಲಾಗಲಿಲ್ಲ. "ಯವ್ವಾ, ನಾ ಗುಡ್ಡ ಹತ್ತಿ ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಬರ್ದುಕೊಟ್ಟಿದ್ದೆ. ಆ ದಿನ ನಿನ್ನ ಕಂಡ ಮ್ಯಾಲೂ ಜಲ್ದಿ ಕೂಗ್ಲಿಲ್ಲ. ನಾಕು ನಿಮಿಷ ಸುಮ್ಮನ ಕುಂತಿದ್ದೆ," ಎಂದೆ.

ಅವಳು ನಕ್ಕಳು. ಬಾಯಲ್ಲಿ ಎರಡೋ ಮೂರೋ ಹಲ್ಲು. "ನಾಕು ನಿಮಿಷಾ? ನಾಕು ನಿಮಿಷಕ್ಕೇನಾತು ಬಿಡ್ರಿ. ಕೂಗಿದ್ರಲ್ಲ."

"ನಿನಗ ಹೆದರಿಕಿ ಆಗ್ಲಿಲ್ಲೇನು? ಕೆಳಗ ಅಷ್ಟು ಮಿಲಿಟ್ರಿ, ತೋಪು, ಗಾಡಿ. ಎದ್ದು ಓಡಬೇಕು ಅನಸಲಿಲ್ಲೇನು?"

"ಹೆದರಿಕಿ ಯಾಕ್ರಿ?" ಎಂದಳು ಮುದುಕಿ. "ನನ್ನ ಕಣ್ಣು ಇನ್ನಾ ಭಾಳ ಚಲೋ ಅದಾವ. ಆ ದಿಬ್ಬದ ಮ್ಯಾಲೆ ಚಪ್ಪರ ಹಾಕ್ಕೊಂಡು ದೊಡ್ಡ ದೊಡ್ಡ ಸಾಹೇಬ್ರೆಲ್ಲ ನನ್ನ ಕಡೀಗೇ ಮಾರಿ ಮಾಡಿ ಕುಂತಿದ್ರಿ. ಕಣ್ಣಿಗೆ ಅದೇನೋ ಹಚ್ಕೊಂಡು ನೋಡಾಕ ಹತ್ತಿದ್ರಿ, ಫಳಫಳ ಹೊಳೀತಿತ್ತು. ಇಷ್ಟು ಮಂದಿ ನನ್ನ ನೋಡಾಕ ಹತ್ಯಾರ, ನನಗೇನಾಗ್ತೈತಿ ಅಂತ ಧೈರ್ಯಾ ಮಾಡಿ ಕುಂತೆ."